3 ವರ್ಷದ ಮಗಳ ಬರ್ತ್‌ಡೇಗೆ ಪಿನಾಟಾ ಮಾಡ್ಬೇಕು ಅಂತಿದೀನಿ, ಮಳೆಗಾಲ ಬೇರೆ, ಯಾರಾದ್ರೂ ಮಾಡಿದೀರಾ?

ಮಳೆಹುಚ್ಚಿ
ಎಲ್ರಿಗೂ ನಮಸ್ಕಾರ. ನಾವಿರೋದು ಶಿವಮೊಗ್ಗ ವಿನೋಬನಗರ. ಮಗಳಿಗೆ ಜುಲೈ ಎರಡ್ನೇ ವಾರ 3 ತುಂಬತ್ತೆ. ಬಾಡಿಗೆ ಮನೆ, ಹಾಲ್ ಅಂದ್ರೆ ಮೂರು ಚೇರ್ ಹಾಕಿದ್ರೆ ಮುಗೀತು, ಅದ್ಕೆ ತೀರ್ಥಹಳ್ಳಿ ಹತ್ರ ನಮ್ಮ ತವರುಮನೇಲಿ ಮಾಡೋಣ ಅಂತ ಆಗಿದೆ. ನಮ್ಮ ನಾದಿನಿ ಅಮೆರಿಕದಲ್ಲಿದಾಳೆ, ಅವಳ ಮಗನ ಬರ್ತ್‌ಡೇ ವಿಡಿಯೋ ಕಳ್ಸಿದ್ಲು, ಬಣ್ಣದ ಕಾಗದದ ಕತ್ತೆ ಥರ ಒಂದನ್ನ ಮರಕ್ಕೆ ನೇತಾಕಿ ಕಣ್ಣಿಗೆ ಬಟ್ಟೆ ಕಟ್ಟಿ ಮಕ್ಳು ಕೋಲಲ್ಲಿ ಹೊಡಿಯೋದು, ಒಡೆದ ತಕ್ಷಣ ಚಾಕ್ಲೇಟ್ ಎಲ್ಲ ಬುಳುಬುಳು ಸುರಿಯತ್ತೆ, ನಮ್ಮವಳು ಅದನ್ನ ದಿನಕ್ಕೆ ಹತ್ತು ಸಲ ಹಾಕ್ಸಿಕೊಂಡು ನೋಡ್ತಾಳೆ. ಈಗ ನಂಗೂ ಅದೇ ಬೇಕು ಅಂತ ಹಟ.

ಮಕ್ಳು ಒಟ್ಟು 18 ಜನ ಆಗ್ತಾರೆ, ಎಲ್ರಿಗಿಂತ ಚಿಕ್ಕದಕ್ಕೆ ಒಂದೂವರೆ ವರ್ಷ, ದೊಡ್ಡವ್ನಿಗೆ 11. ಸಕ್ರೆಬೈಲಿಗೆ ಹೋಗಿ ಬಂದಾಗಿಂದ ಅವಳಿಗೆ ಆನೆ ಅಂದ್ರೆ ಪ್ರಾಣ, ಅದ್ಕೆ ಆನೇದೇ ಮಾಡೋಣ ಅಂತ. ಕೋಲು ಕೊಡ್ಬಹುದಾ? ಒಳಗೆ ಎಂತ ತುಂಬೋದು? ಈ ಪುನರ್ವಸು ಮಳೇಲಿ ಪೇಪರ್ ಅಂಟ್ಸಿದ್ರೆ ಒಣಗತ್ತಾ? ಮಾಡಿದವ್ರು ದಯವಿಟ್ಟು ಹೇಳಿ.

ಭದ್ರಾವತಿ_ಹುಡ್ಗ
ನಮ್ ಕಾಲದಲ್ಲಿ ದೊಡ್ಡ ಬಲೂನು, ಒಳಗೆ ಥರ್ಮಾಕೋಲ್ ಕಾಳು, ಚಾಕ್ಲೇಟು, ಮಾಮ ಬಂದು ಗುಂಡುಸೂಜಿ ಚುಚ್ಚಿದ್ರೆ ಢಂ. ಆಮೇಲೆ ಒಂದು ವಾರ ತಲೆಗೂದಲಲ್ಲಿ ಥರ್ಮಾಕೋಲು. ಅದೇ ಸಾಕಿತ್ತು ಅಕ್ಕ 😄

ಗೋಪಾಳದಮ್ಮ
ಆನೆ ಬೇಡಿ ಮಾರಾಯ್ರೆ!! ನಾನು ಆ ತಪ್ಪು ಮಾಡಿದೀನಿ. ಮಗನ ನಾಲ್ಕನೇ ಬರ್ತ್‌ಡೇಗೆ ಮೊಲದ್ದು ತರ್ಸಿದ್ದೆ, ಮೂರು ದಿನ ಮುಂಚೆನೇ ಬಂತು, ಅವ್ನು ಅದಕ್ಕೆ ಹೆಸರಿಟ್ಟು, ಊಟ ಮಾಡ್ಸಿ, ಪಕ್ಕದಲ್ಲಿ ಮಲಗಿಸಿಕೊಂಡಿದ್ದ. ಪಾರ್ಟಿ ದಿನ ಮೊದಲ್ನೇ ಏಟು ಬಿತ್ತು ನೋಡಿ, "ನನ್ ಮೊಲಕ್ಕೆ ಯಾಕೆ ಹೊಡೀತಿದೀರಾ" ಅಂತ ಶುರು ಮಾಡಿದವ್ನು ಕೇಕ್ ಕಟ್ ಮಾಡೋ ತನಕ ನಿಲ್ಲಿಸ್ಲಿಲ್ಲ. ಫೋಟೋಲೆಲ್ಲ ಕೆಂಪು ಮೂಗು. ಮಗುಗೆ ಯಾವ್ದು ಇಷ್ಟನೋ ಅದನ್ನೇ ಒಡಿಯೋ ವಸ್ತು ಮಾಡ್ಬೇಡಿ. ನಕ್ಷತ್ರ, ಚೆಂಡು, ಹಣ್ಣು, ಹಿಂಗೆ ಕಣ್ಣು ಮೂಗು ಇಲ್ಲದ್ದು ಏನಾದ್ರೂ ನೋಡಿ.

ಅಡಿಕೆತೋಟ
ಏನ್ ಕಾಲ ಬಂತಪ್ಪ. ಮನೇಲಿ ದೀಪ ಹಚ್ಚಿ, ಆರತಿ ಎತ್ತಿ, ಒಂದು ಪಾಯಸ ಮಾಡಿದ್ರೆ ಸಾಲದಾ? ನಮ್ಮದಲ್ಲದ್ದು ಎಂತಕ್ಕೆ. ಕೇಕು ಆಯ್ತು, ಕ್ಯಾಂಡಲ್ ಊದೋದಾಯ್ತು, ಈಗ ಇದೊಂದು.

ರಿಟೈರ್ಡ್_ಮೇಷ್ಟ್ರು
ಅಡಿಕೆತೋಟ ಅವ್ರೆ, ನಮ್ಮದಲ್ಲ ಅಂತ ಪೂರ್ತಿ ಹೇಳಕ್ಕೂ ಬರಲ್ಲ ನೋಡಿ. ಅಷ್ಟಮಿ ಮಾರನೇ ದಿನ ಉಡುಪೀಲಿ ವಿಟ್ಲಪಿಂಡಿ ಆಗತ್ತಲ್ಲ, ರಥಬೀದೀಲಿ ಮಡಿಕೆ ಕಟ್ಟಿ ಗೊಲ್ಲರ ವೇಷದವ್ರು ಕೋಲಲ್ಲಿ ಒಡೀತಾರೆ. ನಮ್ಮ ಕಡೆ ಗಣಪತಿ ಕೂರ್ಸಿದಾಗ, ರಾಜ್ಯೋತ್ಸವಕ್ಕೆ ಕಣ್ಣಿಗೆ ಬಟ್ಟೆ ಕಟ್ಟಿ ಮಡಿಕೆ ಒಡೆಯೋ ಸ್ಪರ್ಧೆ ಇಡಲ್ವಾ? ನಾನೇ ಮೂವತ್ತು ವರ್ಷ ಸ್ಕೂಲಲ್ಲಿ ನಡ್ಸಿದೀನಿ. ಒಳಗೆ ಚಾಕ್ಲೇಟ್ ಬದ್ಲು ಬಣ್ಣದ ನೀರು, ಅಷ್ಟೇ ವ್ಯತ್ಯಾಸ.

ಈ ಪಿನ್ಯಾತಾದ ಮೂಲಾನೂ ಮಡಿಕೆನೇ. ಇಟಾಲಿಯನ್ ಭಾಷೇಲಿ ಪಿನ್ಯಾತ್ತಾ ಅಂದ್ರೆ ಅಡುಗೆ ಗಡಿಗೆ. ಮೆಕ್ಸಿಕೋದಲ್ಲಿ ಇದು ಕ್ರಿಸ್‌ಮಸ್ ಹಿಂದಿನ ಒಂಬತ್ತು ದಿನದ ಆಚರಣೆ ಜೊತೆ ಸೇರ್ಕೊಂಡಿದೆ, ಡಿಸೆಂಬರ್ 16ರಿಂದ 24ರ ತನಕ. ಮೆಕ್ಸಿಕೋ ನಗರದ ಹತ್ರ ಅಕೋಲ್ಮಾನ್ ಅಂತ ಒಂದು ಊರು, 16ನೇ ಶತಮಾನದ ಕೊನೇಲಿ ಅಲ್ಲಿನ ಅಗಸ್ಟೀನಿಯನ್ ಪಾದ್ರಿಗಳು ಜನರಿಗೆ ಧರ್ಮ ಹೇಳಿಕೊಡಕ್ಕೆ ಇದನ್ನ ಬಳಸಿದ್ರು ಅಂತ ಹೇಳ್ತಾರೆ. ಏಳು ಕೊಂಬಿನ ನಕ್ಷತ್ರ, ಒಂದೊಂದು ಕೊಂಬು ಒಂದೊಂದು ಪಾಪ, ಕಣ್ಣಿಗೆ ಕಟ್ಟಿದ ಬಟ್ಟೆ ಅಂದ್ರೆ ನಂಬಿಕೆ, ಕೋಲು ಅಂದ್ರೆ ಸದ್ಗುಣ, ಮೇಲಿಂದ ಬೀಳೋದು ದೇವರ ಕೃಪೆ. ಮಣ್ಣಿನ ಮಡಿಕೆ ಮೇಲೆ ಕಾಗದ ಅಂಟ್ಸಿ ಮಾಡ್ತಿದ್ರು, ಓಡು ಮಕ್ಕಳ ತಲೆ ಮೇಲೆ ಬೀಳತ್ತೆ ಅಂತ ಈಗ ಹೆಚ್ಚಾಗಿ ರಟ್ಟು, ಕಾಗದದ್ದೇ. ಇನ್ನೊಂದು ಚಂದ ಇದೆ, ಅಲ್ಲಿ ಹೊಡಿಯುವಾಗ ಎಲ್ರೂ ಸೇರಿ ಒಂದು ಹಾಡು ಹೇಳ್ತಾರೆ, ಹಾಡು ಮುಗೀತು ಅಂದ್ರೆ ಆ ಮಗುವಿನ ಸರದಿ ಮುಗೀತು. ಜಗಳ ಇಲ್ಲ, ವಾಚ್ ಬೇಡ.

ಅಡಿಕೆತೋಟ
ಸರಿ ಮೇಷ್ಟ್ರೆ, ನಿಮ್ಮ ಹತ್ರ ವಾದ ಮಾಡಿ ಗೆದ್ದವ್ರುಂಟಾ. ಆದ್ರೂ ಪಾಯಸ ಇರ್ಲಿ.

ಸಾಗರದ್_ಅಳಿಯ
ಕೋಲು ಬೇಡ. ಇದನ್ನ ಎರಡು ಸಲ ಹೇಳ್ತೀನಿ, ಕೋಲು ಬೇಡ.

ಹೋದ್ ವರ್ಷ ನಮ್ಮ ಅಣ್ಣನ ಮಗನ ಬರ್ತ್‌ಡೇಲಿ ಆಗಿದ್ದು. ಎಲ್ಲ ಸರಿಯಾಗೇ ಇತ್ತು, ದೊಡ್ಡೋರು ಸುತ್ತ ನಿಂತಿದ್ವಿ, ಒಬ್ಬೊಬ್ರನ್ನೇ ಕರೀತಿದ್ವಿ. ಹೊಡಿಯೋದ್ರಿಂದ ಏಟು ಬೀಳತ್ತೆ ಅಂತ ಎಲ್ರೂ ಅನ್ಕೋತಾರೆ, ಹಂಗಲ್ಲ. ಅದು ಬಿರುಕು ಬಿಟ್ಟು ಒಂದು ನಾಲ್ಕು ಚಾಕ್ಲೇಟ್ ಕೆಳಗೆ ಬಿದ್ವು ನೋಡಿ, ಆ ಒಂದು ಸೆಕೆಂಡು. ಮಕ್ಳೆಲ್ಲ ಹೋ ಅಂತ ನುಗ್ಗಿದ್ರು, ಒಳಗಿರೋನಿಗೆ ಕಣ್ಣು ಕಟ್ಟಿದೆ, ಅವ್ನಿಗೆ ಬಿದ್ದಿದ್ದೇ ಗೊತ್ತಿಲ್ಲ, ಖುಷಿ ಸದ್ದು ಕೇಳಿ ಇನ್ನೂ ಜೋರಾಗಿ ಬೀಸ್ದ. ನನ್ನ ಮಗಳ ಹುಬ್ಬಿನ ಮೇಲೆ 4 ಹೊಲಿಗೆ. ಇನ್ನೊಂದು ಬೆರಳು ಕೆಳಗೆ ಬಿದ್ದಿದ್ರೆ ಕಣ್ಣೇ. ಬೀಸಿದ ಹುಡುಗನಿಗೆ 6 ವರ್ಷ, ಅವ್ನು ಇವತ್ತಿಗೂ ನಮ್ಮನೆಗೆ ಬಂದ್ರೆ ನನ್ನ ಮುಖ ನೋಡಲ್ಲ, ಪಾಪ ಅವನದ್ದೇನು ತಪ್ಪು.

ಮಳೆಹುಚ್ಚಿ
ಅಯ್ಯೋ ದೇವ್ರೆ. ಓದಿ ಕೈಕಾಲು ತಣ್ಣಗಾಯ್ತು. ಕೋಲು ಕ್ಯಾನ್ಸಲ್, ಆನೆನೂ ಕ್ಯಾನ್ಸಲ್. ಹಂಗಾದ್ರೆ ಹೆಂಗೆ ಒಡಿಯೋದು?

ಹೂಸ್ಟನ್_ಮಲ್ನಾಡಿಗ
ದಾರ ಎಳಿಯೋ ಥರದ್ದು ಬರತ್ತೆ ಅಕ್ಕ, ಇಲ್ಲಿ ಸಣ್ಣ ಮಕ್ಕಳ ಪಾರ್ಟಿಲಿ ಅದೇ ಜಾಸ್ತಿ. ಅಡಿಭಾಗದಲ್ಲಿ ಒಂದು ಬಾಗಿಲು ಥರ ಮೂರು ಕಡೆ ಕತ್ತರಿಸಿ, ಒಂದು ಕಡೆ ಹಾಗೇ ಬಿಟ್ಟಿರ್ತಾರೆ, ಅಂಗೈ ಅಗಲದ್ದು. ಅದನ್ನ ತೆಳುವಾಗಿ ಟೇಪ್ ಹಾಕಿ ಮುಚ್ಚೋದು. ಆ ಬಾಗಿಲಿಗೆ ಒಂದೇ ಒಂದು ರಿಬ್ಬನ್ ಗಟ್ಟಿಯಾಗಿ ಗಂಟು ಹಾಕಿರತ್ತೆ. ಉಳಿದ ರಿಬ್ಬನ್ ಎಲ್ಲ ಸುಮ್ನೆ ಅಂಟಿಸಿರೋದು, ಎಳೆದ್ರೆ ಕೈಗೆ ಬರತ್ತೆ ಅಷ್ಟೇ. ಮಕ್ಳು ಒಬ್ಬೊಬ್ರೇ ಬಂದು ಒಂದೊಂದು ರಿಬ್ಬನ್ ಎಳೀತಾರೆ, ಯಾರ ಕೈಗೆ ನಿಜವಾದ್ದು ಸಿಗತ್ತೋ ಅವ್ರಿಗೆ ಬಾಗಿಲು ತೆಗೆಯತ್ತೆ. ಒಂದೂವರೆ ವರ್ಷದ್ದಕ್ಕೂ ಎಳಿಯಕ್ಕೆ ಬರತ್ತೆ, ಅಳು ಇಲ್ಲ, ಏಟಿಲ್ಲ. ಒಂದೇ ಟ್ರಿಕ್ಕು, ನಿಜವಾದ ರಿಬ್ಬನ್ ಯಾವ್ದು ಅಂತ ನೀವು ಗುರುತಿಟ್ಕೊಳಿ, ಬರ್ತ್‌ಡೇ ಮಗು ಸರದಿ ಬರೋ ತನಕ ಅದನ್ನ ಸ್ವಲ್ಪ ಮೇಲೆ ಮಡಚಿ ಸಿಗ್ಸಿಡಿ 😉

ನರ್ಸಕ್ಕ
ಒಳಗೆ ಹಾಕೋದ್ರ ಬಗ್ಗೆ. ಒಂದೂವರೆ ವರ್ಷದ ಮಗು ಇದೆ ಅಂದ್ರಿ, ಹಂಗಾದ್ರೆ ಎಲ್ಲ ಲೆಕ್ಕಾನೂ ಆ ಮಗುವಿನ ಬಾಯಿ ಗಾತ್ರದಲ್ಲಿ ಹಾಕ್ಬೇಕು, ಯಾಕಂದ್ರೆ ನೆಲದ ಮೇಲೆ ಬಿದ್ದಿದ್ದು ಮೊದ್ಲು ಕಾಣೋದು ಅಂಬೆಗಾಲಿಡೋರಿಗೆ. ಟಾಯ್ಲೆಟ್ ರೋಲ್ ಒಳಗಿನ ರಟ್ಟಿನ ಕೊಳವೆ ಇರತ್ತಲ್ಲ, ಅದ್ರೊಳಗೆ ಸಲೀಸಾಗಿ ತೂರೋ ಯಾವ ವಸ್ತುನೂ 3 ವರ್ಷದೊಳಗಿನವ್ರಿಗೆ ಬೇಡ. ಪೆಪ್ಪರ್‌ಮೆಂಟು, ಲಾಲಿಪಾಪು, ಜೆಲ್ಲಿ, ಇಡೀ ಶೇಂಗಾ, ಕಡ್ಲೆ ಮಿಠಾಯಿ, ಪಾಪ್‌ಕಾರ್ನ್ ಇವೆಲ್ಲ 4 ವರ್ಷ ದಾಟೋ ತನಕ ದೂರ. ಗೋಲಿ ಬೇಡ, ಬಟನ್ ಸೆಲ್ ಹಾಕಿರೋ ಮಿಣಮಿಣ ಆಟಿಕೆ ಅಂತೂ ಬೇಡವೇ ಬೇಡ, ಆ ಸೆಲ್ ನುಂಗಿದ್ರೆ ಎರಡು ಗಂಟೆಲಿ ಅನ್ನನಾಳ ಸುಡತ್ತೆ. ಭದ್ರಾವತಿ ಹುಡುಗ ಹೇಳಿದ ಬಲೂನ್ ಕಥೆ ನಗು ಬರತ್ತೆ ನಿಜ, ಆದ್ರೆ ಒಡೆದ ಬಲೂನ್ ಚೂರು ಗಂಟಲಿಗೆ ಅಂಟಿಕೊಂಡ್ರೆ ತೆಗೆಯೋದು ತುಂಬಾ ಕಷ್ಟ.

ಯಾರಿಗಾದ್ರೂ ಸಿಕ್ಕಾಕೊಂಡ್ರೆ, ಮಗು ಜೋರಾಗಿ ಕೆಮ್ತಾ ಇದ್ರೆ ಕೆಮ್ಮಕ್ಕೆ ಬಿಡಿ. ಕೆಮ್ಮಕ್ಕೂ ಆಗ್ದೆ, ಸದ್ದೇ ಬರ್ತಿಲ್ಲ ಅಂದ್ರೆ ಮುಂದಕ್ಕೆ ಬಗ್ಗಿಸಿ ಎರಡು ಹೆಗಲಮೂಳೆ ಮಧ್ಯೆ ಅಂಗೈ ಬುಡದಿಂದ 5 ಏಟು, ಹೋಗ್ಲಿಲ್ಲ ಅಂದ್ರೆ ಹಿಂದಿಂದ ತಬ್ಬಿ ಹೊಕ್ಕಳಿಗಿಂತ ಸ್ವಲ್ಪ ಮೇಲಿನ ಜಾಗದಲ್ಲಿ ಒಳಕ್ಕೆ ಮೇಲಕ್ಕೆ 5 ಸಲ ಒತ್ತಿ (ಇದು 1 ವರ್ಷ ದಾಟಿದವ್ರಿಗೆ ಮಾತ್ರ), ಮತ್ತೆ ಬೆನ್ನಿಗೆ, ಹಿಂಗೇ. ಅಷ್ಟ್ರಲ್ಲಿ ಇನ್ನೊಬ್ರು 108ಕ್ಕೆ ಫೋನ್ ಮಾಡ್ಲಿ. ಕಾಣ್ದೇ ಇರೋದನ್ನ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗತ್ತೆ. ಪಾರ್ಟಿಗೆ ಹೋದಾಗೆಲ್ಲ ಇದನ್ನ ಹೇಳಿ ಎಲ್ರ ಹತ್ರ ಬೈಸ್ಕೋತೀನಿ, ಇರ್ಲಿ.

ಗೋಪಾಳದಮ್ಮ
ನರ್ಸಕ್ಕ ಇದನ್ನ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕ್ದೆ 🙏

ಹೊಸನಗರ_ಹೆಂಚಿನಮನೆ
ಮಳೇಲಿ ಪೇಪರ್ ಒಣಗ್ಸೋ ವಿಷ್ಯ ನಂಗೆ ಬಿಡಿ, ಮಗನ ಸ್ಕೂಲ್ ಪ್ರಾಜೆಕ್ಟ್‌ಗಳಲ್ಲಿ ಸಾಕಷ್ಟು ಪೆಟ್ಟು ತಿಂದಿದೀನಿ. ಬಲೂನ್ ಊದಿ, ಹಳೇ ಪೇಪರ್ ಎರಡು ಬೆರಳು ಅಗಲ ಹರಿದು (ಕತ್ತರಿ ಹಾಕ್ಬೇಡಿ, ಹರಿದ ಅಂಚು ಚೆನ್ನಾಗಿ ಅಂಟತ್ತೆ) ಮೈದಾ ಅಂಟಲ್ಲಿ ಅದ್ದಿ ಸುತ್ತೋದು. ಅಂಟು ಇಡ್ಲಿ ಹಿಟ್ಟಿಗಿಂತ ತೆಳು ಇರ್ಬೇಕು. ನಮ್ಮಲ್ಲಿ ದೊಡ್ಡ ತಪ್ಪು ಎಂತದು ಅಂದ್ರೆ ಒಂದೇ ದಿನ ಮೂರು ಸುತ್ತು ಹಾಕೋದು. ಆಷಾಢದಲ್ಲಿ ಹಂಗೆ ಮಾಡಿದ್ರೆ ಹೊರಗೆ ಒಣಗಿದ ಹಂಗೆ ಕಾಣತ್ತೆ, ಒಳಗೆ ಹಸಿ, ನಾಲ್ಕನೇ ದಿನ ಹಸಿರು ಬೂಷ್ಟು, ವಾಸನೆ ಮೂಗು ಬಿಡ್ಬೇಕು. ದಿನಕ್ಕೆ ಒಂದೇ ಸುತ್ತು, ಫ್ಯಾನ್ ಕೆಳಗಿಟ್ಟು ಪೂರ್ತಿ ಗರಿಗರಿ ಆದ್ಮೇಲೆ ಇನ್ನೊಂದು. ದಾರ ಎಳಿಯೋದಾದ್ರೆ ಮೂರು ಸುತ್ತು ಸಾಕು.

ಬಚ್ಚಲ ಒಲೆ ಹತ್ರ ಇಡ್ತೀನಿ ಅಂತ ಈಗ್ಲೇ ಯಾರೋ ಹೇಳ್ತಾರೆ, ನಾನೂ ಇಟ್ಟಿದ್ದೆ. ಬಿಸಿಗೆ ಬಲೂನ್ ಒಳಗಿನ ಗಾಳಿ ಹಿಗ್ಗಿ ಹಸಿ ಪೇಪರೆಲ್ಲ ಸೀಳಿ ಹೋಯ್ತು. ಬಲೂನ್ ಇರೋ ತನಕ ಬಿಸಿ ಬೇಡ, ಚುಚ್ಚಿ ತೆಗೆದ್ಮೇಲೆ ಒಲೆ ಮೇಲಿನ ಅಟ್ಟಕ್ಕೆ ಏರಿಸಿ, ಒಂದು ರಾತ್ರಿಲಿ ಹಪ್ಪಳ ಆಗತ್ತೆ.

ಅಡಿಕೆತೋಟ
ಬೂಷ್ಟಿಗೆ ಅಂಟಲ್ಲಿ ಒಂದು ಚಿಟಿಕೆ ಮೈಲುತುತ್ತ ಹಾಕಿ. ಔಷಧಿ ಹೊಡಿಯಕ್ಕೆ ತಂದಿದ್ದು ಎಲ್ರ ಮನೇಲೂ ಇರತ್ತೆ ಈಗ. ಹಿಂದೆ ಪುಸ್ತಕದ ಬೈಂಡಿಂಗ್ ಅಂಟಿಗೂ ಹಾಕ್ತಿದ್ರು.

ನರ್ಸಕ್ಕ
ದಯವಿಟ್ಟು ಬೇಡ!! ಮೈಲುತುತ್ತ ವಿಷ. ಅಡಿಕೆ ಕೊಳೆಗೆ ಹೊಡಿಯೋದನ್ನ ಮಕ್ಳು ಬಾಯಿಗೆ ಹಾಕೋ ಬಿಸ್ಕೆಟ್ ಸುತ್ತ ಬಳಿಯೋದಾ?

ಅಡಿಕೆತೋಟ
ತಪ್ಪಾಯ್ತು ತಾಯಿ. ತೋಟದ ಬುದ್ಧಿ.

ಹೊಸನಗರ_ಹೆಂಚಿನಮನೆ
ಅಂಟಿಗೆ ಎರಡು ಚಮಚ ಉಪ್ಪು ಹಾಕಿ ಸಾಕು.
ಮತ್ತೆ ಮಳೆಹುಚ್ಚಿ ಅಕ್ಕ, ಆಕಾರಕ್ಕೆ ಒಂದು ಐಡಿಯಾ. ಹಲಸಿನಹಣ್ಣು ಮಾಡಿ! ಬಲೂನ್ ಹೆಂಗೂ ಉದ್ದುದ್ದ ಇರತ್ತೆ. ಹಸಿರು ಕ್ರೇಪ್ ಕಾಗದ ಪಟ್ಟಿ ಕತ್ತರಿಸಿ ಅಂಚಿಗೆ ಕಚಕಚ ಕತ್ತರಿ ಹಾಕಿ ಸಾಲಾಗಿ ಅಂಟ್ಸಿದ್ರೆ ಥೇಟ್ ಮುಳ್ಳು. ನಮ್ಮ ಮಕ್ಳಿಗೆ ಹಲಸು ಕೊಯ್ದು ತೊಳೆ ಬಿಡಿಸೋದು ಗೊತ್ತು, ಅಳಲ್ಲ.

ಗೋಪಾಳದಮ್ಮ
ಸೂಪರ್!! ಒಳಗಿನ ಪೊಟ್ಟಣ ಎಲ್ಲ ಹಳದಿ ಕಾಗದದಲ್ಲಿ ಸುತ್ತಿ, ತೊಳೆ ಥರ.

ಕುವೆಂಪುರಸ್ತೆ
ಎಲ್ಲಿ ಕಟ್ತೀರಾ ಅಂತ ಯಾರೂ ಕೇಳ್ಲಿಲ್ಲ. ಫ್ಯಾನಿಗೆ ಮಾತ್ರ ಕಟ್ಬೇಡಿ. ನಮ್ಮನೇಲಿ ಕಟ್ಟಿದ್ವಿ, ಕರೆಂಟ್ ಹೋಗಿತ್ತು, ಸ್ವಿಚ್ ಆನಲ್ಲೇ ಇತ್ತು, ಅದು ಯಾರ ತಲೆಗೂ ಹೋಗಿಲ್ಲ. ಹ್ಯಾಪಿ ಬರ್ತ್‌ಡೇ ಹಾಡೋ ಹೊತ್ತಿಗೆ ಸರಿಯಾಗಿ ಕರೆಂಟ್ ಬಂತು. ಚಾಕ್ಲೇಟ್ ಅಂತೂ ಸಮಾನವಾಗಿ ಹಂಚಿಕೆ ಆಯ್ತು ಅನ್ನಿ, ಗೋಡೆ, ಕಿಟಕಿ, ಮಾವನವರ ಕನ್ನಡಕ.

ಮಳೆಹುಚ್ಚಿ
😂😂 ತವರಲ್ಲಿ ಜಗಲಿ ಇದೆ, ತೊಲೆಗೆ ಕಟ್ಟಬಹುದು. ಹಂಚಿಕೆ ಅಂದ್ರಲ್ಲ, ಅದೇ ಈಗ ತಲೆಬಿಸಿ. 11 ವರ್ಷದೋನು ಒಂದೇ ಸಲಕ್ಕೆ ಬಾಚಿಕೊಂಡ್ರೆ ಚಿಕ್ಕವ್ರು ಎಂತ ಮಾಡ್ಬೇಕು?

ರಿಟೈರ್ಡ್_ಮೇಷ್ಟ್ರು
ಬಿಡಿ ಚಾಕ್ಲೇಟ್ ಹಾಕಲೇಬೇಡಿ. 18 ಮಕ್ಕಳಿಗೆ 18 ಪೊಟ್ಟಣ, ಎಲ್ಲ ಒಂದೇ ಗಾತ್ರ. ಒಬ್ಬರಿಗೆ ಒಂದೇ. ಯಾರು ಮೊದ್ಲು ಓಡಿದ್ರೂ ಲಾಭ ಇಲ್ಲ ಅಂತ ಮೊದ್ಲೇ ಹೇಳ್ಬಿಡಿ, ಓಟ ತಾನಾಗೇ ನಿಲ್ಲತ್ತೆ. 3 ದಾಟದವ್ರ ಪೊಟ್ಟಣಕ್ಕೆ ಕೆಂಪು ದಾರ, ಅದ್ರಲ್ಲಿ ಬೇರೆ ಸಾಮಾನು. ದೊಡ್ಡ ಹುಡುಗನಿಗೆ ಕೆಲ್ಸ ಕೊಡಿ, ಹಗ್ಗ ಹಿಡಿಯೋದು ಅವ್ನೇ. ಕೆಲ್ಸ ಇರೋನು ದೋಚಲ್ಲ. ಎರಡು ಪೊಟ್ಟಣ ಜಾಸ್ತಿ ಇಟ್ಕೊಂಡಿರಿ, ಪಕ್ಕದ ಮನೆ ಮಕ್ಳು ಬಂದೇ ಬರ್ತಾರೆ.

ಸಾಗರದ್_ಅಳಿಯ
ಹಿಂದಿನ ರಾತ್ರಿನೇ ಕಟ್ಟಿ ಇಡ್ಬೇಡಿ. ಇರುವೆ.

ಮಳೆಹುಚ್ಚಿ
ಎಲ್ರಿಗೂ ಥ್ಯಾಂಕ್ಸ್. ಪಾರ್ಟಿ ಮುಗಿಸ್ಕೊಂಡು ಬಂದು ಹೇಳ್ತೀನಿ.

*(12 ದಿನದ ನಂತರ)*

ಮಳೆಹುಚ್ಚಿ
ಬಂದೆ ಬಂದೆ. ಉದ್ದ ಇದೆ, ಓದಿ.

ಹಲಸಿನಹಣ್ಣೇ ಮಾಡಿದ್ವಿ. ದಿನಕ್ಕೆ ಒಂದು ಸುತ್ತು ಅಂದಿದ್ರಿ, ನಮ್ಮಲ್ಲಿ ಆ ವಾರ ಸೂರ್ಯನ ಮುಖನೇ ಕಾಣ್ಲಿಲ್ಲ, ಎರಡ್ನೇ ಸುತ್ತು ಒಣಗಕ್ಕೆ ಎರಡು ದಿನ ಹಿಡೀತು. ಕ್ರೇಪ್ ಕಾಗದ ಗಾಂಧಿ ಬಜಾರಲ್ಲಿ ಸಿಕ್ತು, ಎರಡು ಹಸಿರು, ಗಿಳಿಹಸಿರು ಮತ್ತೆ ಕಡುಹಸಿರು. ಮುಳ್ಳು ಕತ್ತರಿಸೋದು ನನ್ನ ಗಂಡನ ಕೆಲ್ಸ, ಮೂರು ರಾತ್ರಿ ಕೂತು ಕತ್ತರಿಸಿದಾರೆ, ಹೆಬ್ಬೆರಳಲ್ಲಿ ಬೊಕ್ಕೆ. ಬಲೂನ್ ಚುಚ್ಚಿ ತೆಗೆದು, ಚೂರೆಲ್ಲ ಎಣಿಸಿ ಕಸಕ್ಕೆ ಹಾಕ್ದೆ ನರ್ಸಕ್ಕ! ಪೊಟ್ಟಣ 20, ದೊಡ್ಡವ್ರಿಗೆ ಎರಡು ಚಾಕ್ಲೇಟ್, ಪೆನ್ಸಿಲ್, ಸ್ಟಿಕರ್. ಕೆಂಪು ದಾರದ್ದಕ್ಕೆ ಮಾರಿ ಬಿಸ್ಕೆಟ್, ದಪ್ಪ ಕ್ರಯಾನ್, ಬಟ್ಟೆ ಬೊಂಬೆ.

ಈಗ ಕೇಳಿ. ಬಾಗಿಲಿಗೆ ಪೇಪರ್ ಟೇಪ್ ಹಾಕಿ ಮುಚ್ಚಿ, ಅಪ್ಪನ ಹತ್ರ ತೊಲೆಗೆ ಕಟ್ಟಿ ಅಂತ ಕೊಟ್ಟೆ. ಅಪ್ಪ ಅಡಿಕೆ ಕೊನೆ ಇಳಿಸಿ ಅಭ್ಯಾಸ ಇರೋರು, ಅವ್ರಿಗೆ ಏನೇ ಕಟ್ಟಿದ್ರೂ ಬೀಳ್ಬಾರ್ದು. ಅಡಿಯಲ್ಲಿ ಬಾಗಿಲು ನೋಡಿದಾರೆ, "ಇದೇನು ಲೊಡಲೊಡ ಅನ್ನತ್ತೆ, ಸಾಮಾನೆಲ್ಲ ಬಿದ್ದೋಗತ್ತಲ್ಲ" ಅಂತ ನಮಗ್ಯಾರಿಗೂ ಹೇಳ್ದೆ ಸುತ್ತಲೂ ಸುತ್ಲಿ ದಾರ ಮೂರು ಸಲ ಸುತ್ತಿ ಗಂಟು ಹಾಕಿ, ಮುಳ್ಳಿನ ಒಳಗೆ ಕಾಣ್ದ ಹಂಗೆ ತೂರ್ಸಿದಾರೆ!

ಮೇಷ್ಟ್ರು ಹೇಳಿದ ಹಂಗೆ ಹಾಡು. ನಮ್ಮಮ್ಮ ಚಪ್ಪಾಳೆ ತಟ್ಕೊಂಡು ಹಾಡು ಹೇಳೋದು, ಒಬ್ಬೊಬ್ರೇ ಬಂದು ಎಳಿಯೋದು. 17 ರಿಬ್ಬನ್ ಬಂತು. ಕೊನೇಗೆ ನಮ್ಮವಳು, ಹೊಸ ಲಂಗ ಹಾಕಿ, ನಿಜವಾದ ರಿಬ್ಬನ್ ಹಿಡಿದು ಎಳೆದ್ಲು. ಏನೂ ಆಗ್ಲಿಲ್ಲ. ಇನ್ನೊಂದು ಸಲ ಎಳೆದ್ಲು. ಹಲಸಿನಹಣ್ಣು ತೊಲೆ ಸಮೇತ ಅಲ್ಲಾಡ್ತು ಹೊರ್ತು ಬಾಗಿಲು ಇಲ್ಲ. ತುಟಿ ಮುಂದೆ ಬಂತು, ಇನ್ನೇನು ಅಳು ಶುರು ಅನ್ನೋವಾಗ ಅಪ್ಪನಿಗೆ ಹೊಳೀತು. ಒಂದು ಮಾತಾಡ್ಲಿಲ್ಲ, ಒಳಗೆ ಹೋಗಿ ಹಲಸು ಕೊಯ್ಯೋ ಕತ್ತಿ ತಂದ್ರು. ಮಕ್ಕಳನ್ನೆಲ್ಲ ಹಿಂದೆ ಸರ್ಸಿದ್ವಿ. ಅದನ್ನ ತೊಲೆಯಿಂದ ಇಳಿಸಿ, ಜಗಲಿ ಮೇಲೆ ಬಾಳೆಲೆ ಹಾಕಿ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿದ್ರು!! ಅಪ್ಪಾ ಅದು ಪೇಪರ್ ಹಲಸು ಎಣ್ಣೆ ಎಂತಕ್ಕೆ ಅಂದ್ರೆ, "ಅಂಟು ಹಾಕಿದೀರಲ್ಲ, ಮೈದಾದ್ದು" ಅಂದ್ರು. ನಗು ತಡಿಯಕ್ಕೆ ಆಗ್ಲಿಲ್ಲ. ಎರಡು ಹೋಳು ಮಾಡಿ, ಕತ್ತಿ ಒಳಗಿಟ್ಟು ಬಂದು, ಮೊಮ್ಮಗಳನ್ನ ತೊಡೆ ಮೇಲೆ ಕೂರ್ಸಿಕೊಂಡು ಒಂದೊಂದೇ ಹಳದಿ ಪೊಟ್ಟಣ ಬಿಡಿಸಿ ಅವಳ ಕೈಗೆ ಕೊಟ್ರು, ಅವಳು ಒಬ್ಬೊಬ್ರ ಹೆಸರು ಕೂಗಿ ಹಂಚಿದ್ಲು. ನುಗ್ಗಾಟ ಇಲ್ಲ. ಅದೇ ಪಿನಾಟಾ ಅಂತ ಅವಳು ತಿಳ್ಕೊಂಡಿದಾಳೆ ಈಗ, ನಾದಿನಿಗೆ ಫೋನ್ ಮಾಡಿ "ಅತ್ತೆ ನೀವು ತಪ್ಪು ಮಾಡಿದೀರಾ, ಎಣ್ಣೆ ಹಚ್ಬೇಕು" ಅಂತ ಹೇಳಿದಾಳೆ.

ಅಡಿಕೆತೋಟ
ನಿಮ್ಮ ತಂದೆಯವ್ರಿಗೆ ನನ್ನ ನಮಸ್ಕಾರ ತಿಳಿಸಿ. ಪಾಯಸ ಮಾಡಿದ್ರಾ?

ಮಳೆಹುಚ್ಚಿ
ಹಲಸಿನಹಣ್ಣಿನ ಪಾಯಸನೇ ಮಾಡಿದ್ವಿ ಸರ್, ನಿಜವಾದ ಹಣ್ಣಿಂದು.

ನರ್ಸಕ್ಕ
ಒಂದೂವರೆ ವರ್ಷದ್ದು ಏನ್ ಮಾಡ್ತು?

ಮಳೆಹುಚ್ಚಿ
ಪೊಟ್ಟಣ ಬಿಟ್ಟು ರಿಬ್ಬನ್ ತಿನ್ನಕ್ಕೆ ಹೋಯ್ತು. ಅದನ್ನ ಯಾರೂ ಹೇಳಿರ್ಲಿಲ್ಲ. ಅವರಮ್ಮ ಕಿತ್ಕೊಂಡ್ರು.

ಭದ್ರಾವತಿ_ಹುಡ್ಗ
ಅಕ್ಕ ಬಲೂನ್ ಸೈಜ್ ಎಷ್ಟು ತಗೊಂಡ್ರಿ? ದಸರಾ ರಜೇಲಿ ಅಕ್ಕನ ಮಗಂದು ಇದೆ, ಕುಂಬಳಕಾಯಿ ಮಾಡೋಣ ಅಂತ.

ಮಳೆಹುಚ್ಚಿ
18 ಇಂಚಿಂದು, ಪೂರ್ತಿ ಊದ್ಬೇಡಿ. ಕಟ್ಟೋವಾಗ ಹತ್ರ ನಿಂತಿರಿ.